ಜರ್ಮನಿ ಇಂಟರ್ನ್‌ಶಿಪ್‌ಗೆ ಹೋಗಲಾ, ಬೆಂಗಳೂರೇ ಸಾಕಾ? ಹೋಗಿ ಬಂದವರು ಹೇಳಿ

ಹಾವೇರಿ ಹುಡುಗ:
ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೇನೆ. ಕೊನೆಯ ಸೆಮಿಸ್ಟರ್‌ನಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ಸ್ಟುಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಕಂಪನಿ ಆರು ತಿಂಗಳಿಗೆ ಕರೆದಿದೆ, ತಿಂಗಳಿಗೆ 700 ಯೂರೋ ಕೊಡ್ತಾರೆ. ಬೆಂಗಳೂರಿನಲ್ಲೂ ಒಂದು ಸಿಕ್ಕಿದೆ, 15 ಸಾವಿರ. ಅಪ್ಪನದು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ನಾಲ್ಕು ಲಕ್ಷದವರೆಗೆ ಹೊಂದಿಸಬಹುದು, ಸಾಲ ಮಾತ್ರ ಬೇಡ ಅಂತಾರೆ. ಸಾಕಾಗುತ್ತಾ? ಜೆಡ್‌ಎವಿ (ಜರ್ಮನಿಯ ಉದ್ಯೋಗ ಇಲಾಖೆಯ ವಿಭಾಗ) ಒಪ್ಪಿಗೆಗೆ ಎಷ್ಟು ಸಮಯ ಹಿಡಿಯುತ್ತೆ? ಜರ್ಮನ್ ಭಾಷೆಯ ಮೊದಲ ಹಂತ ಎ1 ಮುಗಿದಿದೆ.

ಖಡಕ್ ರೊಟ್ಟಿ (ಧಾರವಾಡ):
ಹೋಗು. ಎರಡನೇ ಮಾತೇ ಬೇಡ. ನಾನು 2023ರ ಕೊನೆಗೆ ಹೋಗಿದ್ದೆ. ಆಗ ಯೂರೋ 90 ರೂಪಾಯಿ, 2025ರಲ್ಲೇ ನೂರು ದಾಟಿತು, ಅದನ್ನು ಮೊದಲು ಲೆಕ್ಕಕ್ಕೆ ಹಿಡಿ. ವೀಸಾ ಫೀ 75 ಯೂರೋ, ಅದು ಏನೂ ಅಲ್ಲ. ನಿಜವಾದ ಹೊಡೆತ ಮನೆಯದು. ನನ್ನ ರೂಮಿಗೆ ಕೋಲ್ಡ್ ರೆಂಟ್, ಅಂದರೆ ಬರೀ ಬಾಡಿಗೆ, 340. ಹೀಟಿಂಗ್, ನೀರು ಸೇರಿ 430. ಡಿಪಾಸಿಟ್ ಮೂರು ತಿಂಗಳ ಕೋಲ್ಡ್ ರೆಂಟ್, ಅಂದರೆ 1,020 ಯೂರೋ. ಅದಕ್ಕಿಂತ ಜಾಸ್ತಿ ಕೇಳೋಕೆ ಅಲ್ಲಿನ ಕಾನೂನು ಬಿಡಲ್ಲ, ಆದರೆ ಅದಕ್ಕಿಂತ ಕಡಿಮೆ ಯಾರೂ ಕೇಳಲ್ಲ. ಸಂಬಳ ಬರೋದು ತಿಂಗಳ ಕೊನೆಗೆ. ಹಾಗಾಗಿ ಇಳಿದ ವಾರದಲ್ಲೇ ಬಾಡಿಗೆ, ಡಿಪಾಸಿಟ್, ಹಾಸಿಗೆ, ಪಾತ್ರೆ ಎಲ್ಲ ಸೇರಿ ಒಂದೂಮುಕ್ಕಾಲು ಲಕ್ಷ ಕೈಬಿಟ್ಟಿತು.

ಬಿಟ್ಟು ಬರುವಾಗ ಮನೆ ಮಾಲೀಕ ಗೋಡೆಯ ಮೂಲೆಯಲ್ಲಿ ಬೂಷ್ಟು ಬಂದಿದೆ, ನೀನು ದಿನಾ ಕಿಟಕಿ ತೆಗೆದು ಗಾಳಿ ಆಡಿಸಿಲ್ಲ ಅಂತ 310 ಯೂರೋ ಹಿಡಿದುಕೊಂಡ. ಮೈನಸ್ ಐದರಲ್ಲಿ ಕಿಟಕಿ ತೆಗೀಬೇಕಂತೆ! ಉಳಿದದ್ದು ನಾನು ಧಾರವಾಡಕ್ಕೆ ಬಂದು ಎಷ್ಟೋ ತಿಂಗಳಾದ ಮೇಲೆ ಬಂತು. ಅಷ್ಟರಲ್ಲಿ ಅಲ್ಲಿನ ಅಕೌಂಟ್ ಮುಚ್ಚಿತ್ತು, ಗೆಳತಿಯ ಅಕೌಂಟ್‌ಗೆ ಹಾಕಿಸಬೇಕಾಯಿತು.

ಇನ್ನೊಂದು. ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು ಅಲ್ವಾ, ಅದು ಆದ ಕೂಡಲೇ ರೇಡಿಯೋ-ಟಿವಿ ಶುಲ್ಕದ ಪತ್ರ ಬರುತ್ತೆ. ಮನೆಗೊಂದು, ತಿಂಗಳಿಗೆ 18.36 ಯೂರೋ. ನನ್ನ ಹತ್ತಿರ ರೇಡಿಯೋನೂ ಇರಲಿಲ್ಲ, ಟಿವಿನೂ ಇರಲಿಲ್ಲ. ಅದು ಅವರಿಗೆ ಬೇಕಾಗಿಲ್ಲ. ಮನೆಯಲ್ಲಿ ಮೂವರಿದ್ದೆವು, ಬಿಲ್ ನನ್ನ ಹೆಸರಿಗೆ. ಉಳಿದ ಇಬ್ಬರು ಪಾಲು ಕೊಡುತ್ತೇವೆ ಅಂದವರು ಇವತ್ತಿನವರೆಗೂ ಕೊಟ್ಟಿಲ್ಲ. ಟ್ರೈನ್-ಬಸ್ ಪಾಸ್ ಆಗ 49 ಇತ್ತು, 2025ರಲ್ಲಿ 58 ಆಯ್ತು.

ಇಷ್ಟೆಲ್ಲ ಆದರೂ ಹೋಗು ಅಂತಾನೇ ಹೇಳ್ತೀನಿ. ಅಲ್ಲಿ ನನ್ನನ್ನು ಬಿಡಿಭಾಗಗಳ ಅಳತೆ ನೋಡುವ ಸಿಎಂಎಂ ಮಷಿನ್ ಮೇಲೆ ಒಬ್ಬಳನ್ನೇ ಬಿಟ್ಟರು. ಇಲ್ಲಿ ಹುಡುಗಿ ಅಂತ ಎಕ್ಸೆಲ್ ಶೀಟ್ ಕೊಟ್ಟು ಕೂರಿಸುತ್ತಿದ್ದರು.

ಚಿಗರಿ ಬಸ್ಸು (ಹುಬ್ಬಳ್ಳಿ):
ನಾನು ಆಫರ್ ಇದ್ದೂ ಹೋಗದವನು. ನನ್ನ ಮಾತೂ ಕೇಳು. ಬೆಂಗಳೂರು ಪೀಣ್ಯದಲ್ಲಿ ಇಂಟರ್ನ್‌ಶಿಪ್ ಮಾಡಿದೆ, 12 ಸಾವಿರ. ಪಿಜಿಗೆ 8,500. ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಅದೇ ಉಪ್ಪಿಟ್ಟಿಗೆ ತರಕಾರಿ ಹಾಕಿ ಪಲಾವ್ ಅನ್ನೋರು. ತಿಂಗಳ ಕೊನೆಗೆ ಅಪ್ಪನಿಂದ ಎರಡು ಸಾವಿರ ಹಾಕಿಸಿಕೊಳ್ಳುತ್ತಿದ್ದೆ. ಆದರೆ ಅಲ್ಲೇ ಕೆಲಸ ಆಯ್ತು, ಈಗ ಅದೇ ಕಂಪನಿಯಲ್ಲಿ ಇದ್ದೀನಿ. ಜರ್ಮನಿಗೆ ಹೋದ ನನ್ನ ಬ್ಯಾಚಿನವರು ಫೋಟೋ ಹಾಕಿ ವಾಪಸ್ ಬಂದು ಆರು ತಿಂಗಳು ಕೆಲಸ ಹುಡುಕಿದರು.

ಒಂದು ಲೆಕ್ಕ ಹೇಳ್ತೀನಿ. ಜರ್ಮನಿಯಲ್ಲಿ ಕನಿಷ್ಠ ಕೂಲಿ 2025ರಲ್ಲಿ ಗಂಟೆಗೆ 12.82 ಯೂರೋ. ವಾರಕ್ಕೆ 40 ಗಂಟೆ ದುಡಿದು ತಿಂಗಳಿಗೆ 700 ಅಂದರೆ ಗಂಟೆಗೆ ಸುಮಾರು 4. ಅಲ್ಲಿ ಕಸ ಗುಡಿಸುವವನಿಗೆ ಇದರ ಮೂರು ಪಟ್ಟು ಸಿಗುತ್ತೆ. ಇದನ್ನು ಅವಕಾಶ ಅಂತ ಕರೀತೀರಲ್ಲ.

ಖಡಕ್ ರೊಟ್ಟಿ:
ಅರ್ಧ ತಿಳಿದು ಹುಡುಗನನ್ನು ಹೆದರಿಸಬೇಡಿ. ಕೋರ್ಸಿನಲ್ಲೇ ಕಡ್ಡಾಯ ಇರೋ ಇಂಟರ್ನ್‌ಶಿಪ್‌ಗೆ ಆ ಕನಿಷ್ಠ ಕೂಲಿ ಲಾಗೂ ಆಗಲ್ಲ. ಅವರ ದೇಶದ ಹುಡುಗರಿಗೂ ಹಾಗೇ. ಹೋಗದೇ ಇದ್ದವರಿಗೆ ಹೋದವರ ಫೋಟೋ ಇಷ್ಟು ಯಾಕೆ ಚುಚ್ಚುತ್ತೋ.

ಚಿಗರಿ ಬಸ್ಸು:
ಚುಚ್ಚೋಕೆ ಏನೂ ಇಲ್ಲ ಮೇಡಂ. ನಮ್ಮಪ್ಪ ಹೊಲ ಅಡ ಇಡ್ತೀನಿ ಅಂದಿದ್ದರು, ನಾನು ಬೇಡ ಅಂದೆ. ನಿಮ್ಮ ಮನೆಯಲ್ಲಿ ಒಂದೂಮುಕ್ಕಾಲು ಲಕ್ಷ ವಾರದಲ್ಲಿ ಬಿಡುವ ಶಕ್ತಿ ಇತ್ತು, ಎಲ್ಲರಿಗೂ ಇರಲ್ಲ.

ಬ್ಯಾಡಗಿ ಖಾರ:
ಇಬ್ಬರೂ ಸುಮ್ನೆ ಇರಿ, ನನ್ನದು ಕೇಳಿ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವನು ನಾನು. ಅಮೆರಿಕಕ್ಕೆ ಜೆ-1 ಅನ್ನೋ ತರಬೇತಿ ವೀಸಾ ಮೇಲೆ ಒಂದು ವರ್ಷ. ಹುಬ್ಬಳ್ಳಿಯ ಒಬ್ಬ ಏಜೆಂಟ್ 3 ಲಕ್ಷ 20 ಸಾವಿರ ತೆಗೆದುಕೊಂಡ. 'ಎಲ್ಲ ಸೇರಿ' ಅಂದಿದ್ದ. ಆಮೇಲೆ ಅಲ್ಲಿನ ಸರ್ಕಾರಿ ನೋಂದಣಿಯ ಸೆವಿಸ್ ಫೀ 220 ಡಾಲರ್ ಬೇರೆ, ವೀಸಾ ಫೀ 185 ಡಾಲರ್ ಬೇರೆ, ಚೆನ್ನೈಗೆ ಇಂಟರ್ವ್ಯೂಗೆ ಹೋಗಿ ಬರೋ ಖರ್ಚು ಬೇರೆ. ಟಿಕೆಟ್ ಬೇರೆ! ರಸೀದಿ ಕೇಳಿದರೆ 'ನಂಬಿಕೆ ಇಲ್ವಾ' ಅಂತ ನಗ್ತಿದ್ದ.

ಟ್ರೈನಿಂಗ್ ಪ್ಲಾನ್ ಅಂತ ಡಿಎಸ್-7002 ಫಾರ್ಮ್ ಇರುತ್ತೆ. ಹೋಟೆಲ್ ಕೆಲಸ ಆರು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕನಿಷ್ಠ ಮೂರು ವಿಭಾಗಕ್ಕೆ ತಿರುಗಿಸಲೇಬೇಕು ಅನ್ನೋದು ಅಲ್ಲಿನ ನಿಯಮ. ನನ್ನ ಫಾರ್ಮ್‌ನಲ್ಲಿ ಫ್ರಂಟ್ ಆಫೀಸ್, ರೆಸ್ಟೋರೆಂಟ್, ಹೌಸ್‌ಕೀಪಿಂಗ್ ಅಂತ ಚೆನ್ನಾಗಿ ಟೈಪ್ ಆಗಿತ್ತು. ಅಲ್ಲಿ ಹೋದರೆ ಮೊದಲನೇ ಮಹಡಿ ಹೌಸ್‌ಕೀಪಿಂಗ್, ಎರಡನೇ ಮಹಡಿ ಹೌಸ್‌ಕೀಪಿಂಗ್, ಮೂರನೇ ಮಹಡಿ ಹೌಸ್‌ಕೀಪಿಂಗ್. ಅದೇ ರೊಟೇಶನ್. ಇರೋಕೆ ಕೊಟ್ಟ ರೂಮಿಗೆ ಸಂಬಳದಲ್ಲಿ ತಿಂಗಳಿಗೆ 650 ಡಾಲರ್ ಕಡಿತ. ಒಂದು ರೂಮಲ್ಲಿ ನಾಲ್ಕು ಜನ, ಅಂದರೆ ಆ ರೂಮಿಂದ ಅವರಿಗೆ 2,600. ವೀಸಾಕ್ಕೆ ಹೊಣೆ ಹೊತ್ತ ಸ್ಪಾನ್ಸರ್ ಸಂಸ್ಥೆಗೆ ಬರೆದೆ. 'ನಿಮ್ಮ ಅನಿಸಿಕೆಗೆ ಧನ್ಯವಾದ' ಅಂತ ಉತ್ತರ ಬಂತು. ಏಜೆಂಟ್ ಈಗ ಆಫೀಸ್ ಬದಲಿಸಿದ್ದಾನೆ. ಬೋರ್ಡ್ ಹೆಸರೂ ಬದಲಾಗಿದೆ, ಫೋಟೋ ಮಾತ್ರ ನಮ್ಮ ಬ್ಯಾಚಿನದೇ ಹಾಕಿಕೊಂಡಿದ್ದಾನೆ.

ಗದಗಿನ ಗಾಳಿ:
ದುಡ್ಡು ಕೊಟ್ಟು ಹೋಗೋದು ಇಂಟರ್ನ್‌ಶಿಪ್ಪೇ ಅಲ್ಲ. ನಾನು ಕೆನಡಾಕ್ಕೆ ಮೈಟ್ಯಾಕ್ಸ್ ಗ್ಲೋಬಲಿಂಕ್ ಅನ್ನೋ ಸಂಶೋಧನಾ ಇಂಟರ್ನ್‌ಶಿಪ್ ಯೋಜನೆ ಮೇಲೆ ಹೋಗಿದ್ದೆ, 12 ವಾರ, ವಿಮಾನದ ಖರ್ಚು ಅವರೇ ಕೊಟ್ಟರು. ನನ್ನ ಕೈಯಿಂದ ಹೋಗಿದ್ದು ಬಯೋಮೆಟ್ರಿಕ್‌ನ 85 ಕೆನಡಿಯನ್ ಡಾಲರ್, ಒಂದು ದಪ್ಪ ಜಾಕೆಟ್, ಅಷ್ಟೇ. ಜಾಕೆಟ್ ಬೇಕಾಗಿರಲಿಲ್ಲ, ಜೂನ್‌ನಲ್ಲಿ ಅಲ್ಲಿ ಬಿಸಿಲು. ಅಂಕ ಚೆನ್ನಾಗಿದ್ದರೆ ಇಂಥದ್ದಕ್ಕೆ ಅರ್ಜಿ ಹಾಕಬೇಕು. ಏಜೆಂಟನ ಬಾಗಿಲಿಗೆ ಹೋದವರು ಆಮೇಲೆ ಅಳಬಾರದು.

ಬ್ಯಾಡಗಿ ಖಾರ:
ಅಯ್ಯಾ ಸ್ಕಾಲರ್, ಹೋಟೆಲ್ ಮ್ಯಾನೇಜ್‌ಮೆಂಟ್‌ನವನಿಗೆ ಯಾವ ಪ್ರೊಫೆಸರ್ ಲ್ಯಾಬ್ ಬಾಗಿಲು ತೆಗೀತಾನೆ ಹೇಳು. ದಿನಕ್ಕೆ 16 ರೂಮ್ ಹಾಸಿಗೆ ಬದಲಿಸಿ ನೋಡು, ಆಮೇಲೆ ಅಳೋರು ಯಾರು ಅಂತ ಗೊತ್ತಾಗುತ್ತೆ. ನಾನು ಅತ್ತಿಲ್ಲ. ಆ ವರ್ಷದ ಟಿಪ್ಸ್‌ನಲ್ಲೇ ತಂಗಿಯ ನರ್ಸಿಂಗ್ ಫೀ ಕಟ್ಟಿದ್ದೀನಿ.

ಗದಗಿನ ಗಾಳಿ:
ವೈಯಕ್ತಿಕವಾಗಿ ಹೇಳಿದ್ದಲ್ಲ.

ಬ್ಯಾಡಗಿ ಖಾರ:
ಮತ್ತೆ ಯಾರಿಗೆ ಹೇಳಿದ್ದು, ಗದಗಿನ ಗಾಳಿಯಂತ್ರಕ್ಕಾ?

ಹಾವೇರಿ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಆ ಜೆಡ್‌ಎವಿ ವಿಷಯ ಯಾರಿಗಾದರೂ ಗೊತ್ತಾ? ನಾಲ್ಕು ಲಕ್ಷ ಸಾಕಾಗುತ್ತಾ ಅನ್ನೋದೂ ಹೇಳಿ.

ಖಡಕ್ ರೊಟ್ಟಿ:
ಜೆಡ್‌ಎವಿ ಅರ್ಜಿ ಕಂಪನಿಯವರು ಹಾಕಲಿ, ನೀನು ಅವರ ಹಿಂದೆ ಬೀಳಬೇಕು. ನನ್ನ ಕಂಪನಿಯ ಎಚ್‌ಆರ್ ರಜೆ ಮೇಲೆ ಹೋಗಿ ಫಾರ್ಮ್ ಮೇಜಿನ ಮೇಲೇ ಉಳಿದಿತ್ತು. ಅದರಿಂದ ಟಿಕೆಟ್ ಬದಲಿಸಿ 14 ಸಾವಿರ ದಂಡ. ಜರ್ಮನಿಯಲ್ಲಿ ಆಗಸ್ಟ್ ಅಂದರೆ ಯಾರೂ ಆಫೀಸಲ್ಲಿ ಇರಲ್ಲ. ಇನ್ನೊಂದು ಮಾತು, ಧಾರವಾಡ ಪೇಢಾ ಒಯ್ಯಬೇಡ. ಯುರೋಪ್ ಒಕ್ಕೂಟಕ್ಕೆ ಹೊರಗಿನಿಂದ ಹಾಲಿನ ಪದಾರ್ಥ ತರೋ ಹಾಗಿಲ್ಲ. ಅಮ್ಮ ಕಟ್ಟಿದ ಎರಡು ಕೆಜಿ ನನ್ನ ಕಣ್ಣೆದುರೇ ಕಸದ ಡಬ್ಬಿಗೆ ಹೋಯಿತು.

ಬ್ಯಾಡಗಿ ಖಾರ:
ಸಿಹಿತಿಂಡಿಗೆ ಅಲ್ಲಿ ವಿನಾಯಿತಿ ಇದೆ. ನಮ್ಮಣ್ಣ ಒಯ್ದಿದ್ದಾನೆ.

ಖಡಕ್ ರೊಟ್ಟಿ:
ಪೇಢಾ ಅಂದರೆ ಖೋವಾ. ಖೋವಾ ಹಾಲಲ್ವಾ? ನಿಮ್ಮಣ್ಣನ ಬ್ಯಾಗ್ ಯಾರೂ ತೆರೆದಿಲ್ಲ, ಅಷ್ಟೇ.

ಚಿಗರಿ ಬಸ್ಸು:
ಎರಡು ಕೆಜಿ ಪೇಢಾ ದುಡ್ಡಲ್ಲಿ ನಾನು ಪೀಣ್ಯದಲ್ಲಿ ವಾರ ತಳ್ಳುತ್ತಿದ್ದೆ.

ಗದಗಿನ ಗಾಳಿ:
ಯಾರೂ ಲೆಕ್ಕ ಹಾಕಿಲ್ಲ, ನಾನೇ ಹಾಕ್ತೀನಿ. ಅಲ್ಲಿ ಓದೋಕೆ ಹೋಗುವವರು 2024ರ ಸೆಪ್ಟೆಂಬರ್‌ನಿಂದ ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟು ಅಂತ ಮಾತ್ರ ತೆಗೆಯಬಹುದಾದ ಖಾತೆ) ವರ್ಷಕ್ಕೆ 11,904 ಯೂರೋ ಇಡಬೇಕು, ಅಂದರೆ ತಿಂಗಳಿಗೆ 992. ನಿನಗೂ ಅದೇ ಅಳತೆ ಹಿಡಿದರೆ 700 ಬಿಟ್ಟು 292 ಕಡಿಮೆ. ಆರು ತಿಂಗಳಿಗೆ 1,752 ಯೂರೋ, ಯೂರೋಗೆ ನೂರರಂತೆ ಹಿಡಿದರೆ ಸುಮಾರು ಒಂದೂಮುಕ್ಕಾಲು ಲಕ್ಷ. ಟಿಕೆಟ್, ಡಿಪಾಸಿಟ್ ಸೇರಿಸಿದರೂ ನಾಲ್ಕರೊಳಗೆ ಬರುತ್ತೆ, ಬಿಗಿಯಾಗಿ.

ಚಿಗರಿ ಬಸ್ಸು:
ಬೂಷ್ಟು ಬರದಿದ್ದರೆ.

ಹಾವೇರಿ ಹುಡುಗ:
ಅಪ್ಪನಿಗೆ ಇದೆಲ್ಲ ಓದಿ ಹೇಳಿದೆ. ಬೇರೆ ಏನೂ ಕೇಳಲಿಲ್ಲ. ಡಿಪಾಸಿಟ್‌ಗೆ ಪಾವತಿ ಚೀಟಿ ಕೊಡ್ತಾರಾ ಅಂತ ಕೇಳಿದರು.

ಖಡಕ್ ರೊಟ್ಟಿ:
ಬ್ಯಾಂಕಿಂದ ಹಾಕು, ಕೈಗೆ ಕೊಡಬೇಡ. ಬೀಗದ ಕೈ ತೆಗೆದುಕೊಳ್ಳುವ ದಿನವೇ ಗೋಡೆ, ಮೂಲೆ, ಬಾತ್‌ರೂಮ್ ಫೋಟೋ ತೆಗೆದು ಮಾಲೀಕನಿಗೆ ಇಮೇಲ್ ಮಾಡು. ಮನೆ ಒಪ್ಪಿಸುವ ಕಾಗದಕ್ಕೆ ಇಬ್ಬರ ಸಹಿಯೂ ಇರಲಿ.

ಚಿಗರಿ ಬಸ್ಸು:
ಹಾಗಾದ್ರೆ ಹೋಗೋದು ಮೊದಲೇ ಪಕ್ಕಾ ಆಗಿತ್ತು. ಮತ್ತೆ ನಮ್ಮನ್ನು ಯಾಕಪ್ಪಾ ಕೇಳಿದಿ?