ನನ್ನ ಬ್ಯಾನರ್ ಎತ್ಕೊಂಡು ಹೋದ್ರು, ಪಕ್ಕದವನದ್ದು ಹಾಗೇ ಇದೆ

ಪ್ರಶ್ನೆ: ಹತ್ತು ದಿನದ ಆಫರ್‌ಗೆ ಅಂತ ಅಂಗಡಿ ಮುಂದೆ ಫುಟ್‌ಪಾತಲ್ಲಿ ಒಂದು ಸ್ಟ್ಯಾಂಡಿ (ನಿಲ್ಲಿಸೋ ಬೋರ್ಡ್) ಇಟ್ಟು ಲೈಟ್ ಕಂಬಕ್ಕೆ ಒಂದು ಫ್ಲೆಕ್ಸ್ ಕಟ್ಟಿದ್ದೆ, ಬೆಳಿಗ್ಗೆ ಬಂದು ನೋಡಿದ್ರೆ ಎರಡೂ ಇಲ್ಲ, ಕಂಬದಲ್ಲಿ ಕತ್ತರಿಸಿದ ದಾರ ಮಾತ್ರ ನೇತಾಡ್ತಿದೆ. ಮುನ್ಸಿಪಾಲಿಟಿಯೋರಿಂದ ನೋಟಿಸೂ ಇಲ್ಲ ಏನೂ ಇಲ್ಲ. ಪಕ್ಕದವನ ಬ್ಯಾನರ್ ಬಿಸಿಲಿಗೆ ಬಣ್ಣ ಹೋಗಿ ತಿಂಗಳಿಂದ ಅಲ್ಲೇ ಇದೆ, ಯಾರೂ ಮುಟ್ಟಲ್ಲ. ಇದ್ಯಾವ ನ್ಯಾಯ?

ಉತ್ತರ: ಅವನದ್ದು ಎಲ್ಲಿದೆ? ಸ್ವಂತ ಗೋಡೆ ಮೇಲಿದ್ರೆ ಲೆಕ್ಕವೇ ಬೇರೆ. ಕಂಬ, ಮರ, ಫುಟ್‌ಪಾತ್ ಎಲ್ಲ ಸಾರ್ವಜನಿಕ ಜಾಗ, ಅಲ್ಲಿರೋದನ್ನ ಬಹಳ ಊರುಗಳಲ್ಲಿ ನೋಟಿಸ್ ಇಲ್ಲದೇ ಎತ್ತಬಹುದು. ಖಾಸಗಿ ಜಾಗ ಆದ್ರೆ ಸಾಮಾನ್ಯವಾಗಿ ಮೊದಲು ನೋಟಿಸ್, ಗಡುವು, ಆಮೇಲೆ ದಂಡ.

ಪ್ರಶ್ನೆ ಕೇಳಿದವರು: ಗೋಡೆ ಮೇಲೇ ಇದೆ 😐 ಆದ್ರೂ ತಿಂಗಳುಗಟ್ಲೆ ಇಡಬಹುದಾ?

ಉತ್ತರ: ತಾತ್ಕಾಲಿಕ ಅಂದ್ಮೇಲೆ ಸಾಮಾನ್ಯವಾಗಿ ದಿನದ ಮಿತಿ ಇರತ್ತೆ, ಆದ್ರೆ ಯಾವತ್ತು ಕಟ್ಟಿದ್ದು ಅಂತ ಬರೆದಿಟ್ಕೊಳ್ಳೋರು ಯಾರು? ಸಿಬ್ಬಂದಿ ಕಡಿಮೆ, ಹೆಚ್ಚಾಗಿ ಕಂಪ್ಲೇಂಟ್ ಬಂದ್ಮೇಲೇ ಬರೋದು. ನಿಮ್ಮ ಸ್ಟ್ಯಾಂಡಿಗೆ ವೀಲ್‌ಚೇರ್‌ನೋರೋ ಮಗು ಗಾಡಿ ತಳ್ಳೋರೋ ಸಿಕ್ಕಾಕೊಂಡು ದೂರು ಕೊಟ್ಟಿರ್ತಾರೆ.

ಉತ್ತರ: ಮೊದಲು ಮುನ್ಸಿಪಾಲಿಟಿ ಆಫೀಸಲ್ಲಿ ವಿಚಾರಿಸಿ, ಕೆಲವು ಕಡೆ ಎತ್ತಿದ್ದನ್ನ ಸ್ವಲ್ಪ ದಿನ ಗೋಡೌನಲ್ಲಿ ಇಟ್ಟಿರ್ತಾರೆ, ದಂಡ ಕಟ್ಟಿದ್ರೆ ವಾಪಸ್ ಕೊಡ್ತಾರೆ. ಮುಂದಿನ ಸಲ ಅಳತೆ, ಜಾಗ, ತಾರೀಕು ಬರೆದು ಪರ್ಮಿಷನ್ ತಗೊಂಡು ಅದರ ಕಾಪಿ ಅಂಗಡೀಲಿಡಿ. ಪಕ್ಕದವನ ಮೇಲೆ ಕಂಪ್ಲೇಂಟ್ ಕೊಡೋದಾದ್ರೆ ನಿಮ್ಮ ಬೋರ್ಡ್ ಸರಿ ಇದ್ಯಾ ಅಂತ ನೋಡ್ಕೊಂಡು ಕೊಡಿ ಮಾರಾಯ್ರೆ, ಬಂದೋರು ಇಡೀ ಸಾಲು ನೋಡ್ಕೊಂಡೇ ಹೋಗೋದು.