ಪ್ರಶ್ನೋತ್ತರ: ಪ್ರತಿ ವರ್ಷ ಗುರಿಗಳನ್ನು ಬರೆದಿಟ್ಟರೂ ಅವು ಕೈಗೂಡುವುದಿಲ್ಲವೇಕೆ?

ಪ್ರಶ್ನೆ:
ನಮಸ್ಕಾರ ಮೇಡಂ. ನನಗೆ 39 ವರ್ಷ, ಪೂರ್ಣಾವಧಿ ಉದ್ಯೋಗದಲ್ಲಿದ್ದೇನೆ. ಆರೇಳು ವರ್ಷಗಳಿಂದ ವರ್ಷದ ಮೊದಲ ವಾರದಲ್ಲಿ ಗುರಿಗಳ ಪಟ್ಟಿಯೊಂದನ್ನು ಬರೆಯುವುದನ್ನು ರೂಢಿಸಿಕೊಂಡಿದ್ದೇನೆ. ಈ ಸಲದ ಪಟ್ಟಿಯಲ್ಲಿ ಒಂಬತ್ತು ಗುರಿಗಳಿವೆ. ಅರ್ಧಕ್ಕೆ ನಿಂತಿರುವ ಸ್ನಾತಕೋತ್ತರ ಪ್ರಬಂಧವನ್ನು ಮುಗಿಸುವುದು, ದಿನವೂ ವ್ಯಾಯಾಮ ಮಾಡುವುದು, ಹೊಸ ಭಾಷೆಯೊಂದನ್ನು ಕಲಿಯುವುದು ಅವುಗಳಲ್ಲಿ ಮುಖ್ಯವಾದವು. ಆದರೆ ಮೂರನೆಯ ತಿಂಗಳ ಹೊತ್ತಿಗೆ ಪಟ್ಟಿಯನ್ನು ತೆರೆದು ನೋಡುವುದಕ್ಕೂ ಸಂಕೋಚವಾಗುತ್ತದೆ. 1953ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಗುರಿಗಳನ್ನು ಬರೆದಿಟ್ಟಿದ್ದ ಶೇಕಡ 3ರಷ್ಟು ವಿದ್ಯಾರ್ಥಿಗಳು ಮುಂದೆ ಉಳಿದವರೆಲ್ಲರ ಒಟ್ಟು ಸಂಪಾದನೆಯನ್ನು ಮೀರಿಸಿದರೆಂದು ಓದಿದ್ದೆ. ಹಾಗಿದ್ದರೆ ನನಗೆ ಇಚ್ಛಾಶಕ್ತಿಯ ಕೊರತೆ ಇದೆಯೇ?

ಉತ್ತರ (ಆಪ್ತಸಮಾಲೋಚಕಿ):
ಮೊದಲು ಆ ಶೇಕಡ 3ರ ಕಥೆಯನ್ನು ಬದಿಗಿಡೋಣ. ಅಂತಹ ಅಧ್ಯಯನ ನಡೆದುದಕ್ಕೆ ಯಾವ ದಾಖಲೆಯೂ ಇಲ್ಲ, ಯೇಲ್ ವಿಶ್ವವಿದ್ಯಾಲಯವೇ ಅದನ್ನು ಅಲ್ಲಗಳೆದಿದೆ. ನಡೆಯದ ಅಧ್ಯಯನದ ಎದುರು ನಿಮ್ಮನ್ನು ನೀವು ತೂಗಿ ನೋಡಿಕೊಂಡು ಕುಗ್ಗುವ ಅಗತ್ಯವಿಲ್ಲ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಇಚ್ಛಾಶಕ್ತಿಯಲ್ಲ, ‘ಒಂಬತ್ತು’ ಎಂಬ ಸಂಖ್ಯೆ. ಪೂರ್ಣಾವಧಿ ಉದ್ಯೋಗ, ಮನೆಯ ಹೊಣೆ ಮತ್ತು ನಿದ್ರೆಯನ್ನು ಕಳೆದ ಮೇಲೆ ನಿಮ್ಮ ಕೈಯಲ್ಲಿ ವಾರಕ್ಕೆ ಎಷ್ಟು ಗಂಟೆ ಉಳಿಯುತ್ತದೆ ಎಂಬುದನ್ನು ಒಂದು ವಾರ ಪ್ರಾಮಾಣಿಕವಾಗಿ ಬರೆದು ನೋಡಿ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರಿಗೆ ಆರರಿಂದ ಎಂಟು ಗಂಟೆ ಸಿಗುತ್ತದೆ. ಅದನ್ನು ಒಂಬತ್ತು ಗುರಿಗಳಿಗೆ ಹಂಚಿದರೆ ಒಂದೊಂದಕ್ಕೆ ಒಂದು ಗಂಟೆಯೂ ದಕ್ಕುವುದಿಲ್ಲ. ಆದ್ದರಿಂದ ನಿಮ್ಮದು ಇನ್ನೂ ಯೋಜನೆಯಲ್ಲ, ಆಸೆಗಳ ಪಟ್ಟಿ ಮಾತ್ರ. ಈ ವರ್ಷ ಯಾವುದನ್ನು ಮಾಡುವುದಿಲ್ಲ ಎಂಬುದನ್ನು ನಿರ್ಧರಿಸಿದ ದಿನ ಅದು ಯೋಜನೆಯಾಗತೊಡಗುತ್ತದೆ.

ಪ್ರಬಂಧವನ್ನೇ ಆರಿಸಿಕೊಂಡಿರಿ ಎಂದಿಟ್ಟುಕೊಳ್ಳೋಣ. ರೋಜರ್ ಬ್ಯೂಹ್ಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ತಮಗೆ ಸರಾಸರಿ 34 ದಿನ ಸಾಕೆಂದು ಅಂದಾಜು ಮಾಡಿದ್ದರು, ಎಲ್ಲವೂ ಕೆಟ್ಟರೂ 49 ದಿನದೊಳಗೆ ಮುಗಿಯುತ್ತದೆ ಎಂದಿದ್ದರು. ನಿಜವಾಗಿ ಹಿಡಿದದ್ದು 55 ದಿನಗಳಿಗೂ ಹೆಚ್ಚು. ಅಂದರೆ ನಾವು ಊಹಿಸಿಕೊಳ್ಳುವ ಕೆಟ್ಟ ಸ್ಥಿತಿಯೂ ವಾಸ್ತವಕ್ಕಿಂತ ಮೆತ್ತಗೆಯೇ ಇರುತ್ತದೆ. ಆದ್ದರಿಂದ ಮುಂದಿನ ಅಧ್ಯಾಯ ಎಷ್ಟು ದಿನ ಹಿಡಿಯಬಹುದೆಂದು ಕಲ್ಪಿಸಿಕೊಳ್ಳುವ ಬದಲು, ಈಗಾಗಲೇ ಬರೆದಿರುವ ಅಧ್ಯಾಯ ಎಷ್ಟು ದಿನ ಹಿಡಿಯಿತೆಂಬುದನ್ನು ನೆನಪು ಮಾಡಿಕೊಂಡು ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ.

ಇನ್ನು ದಿನನಿತ್ಯದ ಕೆಲಸದ ಮಾತು. ‘ಪ್ರಬಂಧ ಮುಗಿಸುತ್ತೇನೆ’ ಎಂಬ ಸಂಕಲ್ಪಕ್ಕಿಂತ ‘ಮಂಗಳವಾರ ಮತ್ತು ಶುಕ್ರವಾರ ರಾತ್ರಿ ಊಟವಾದ ಕೂಡಲೇ ಒಳಕೋಣೆಯ ಮೇಜಿನ ಮುಂದೆ ಕುಳಿತು, ಹಿಂದಿನ ಸಲ ನಿಲ್ಲಿಸಿದ ಪುಟವನ್ನು ತೆರೆಯುತ್ತೇನೆ’ ಎಂಬ ವಾಕ್ಯ ಹೆಚ್ಚು ಕೆಲಸ ಮಾಡುತ್ತದೆ. ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ದಶಕಗಳ ಕಾಲ ಪರಿಶೀಲಿಸಿದ್ದು ಇಂಥ ‘ಹೀಗಾದಾಗ ಹೀಗೆ ಮಾಡುತ್ತೇನೆ’ ಎಂಬ ಬಗೆಯ ವಾಕ್ಯಗಳನ್ನೇ. ಅವರು ಪಾಸ್ಕಲ್ ಶೀರನ್ ಅವರೊಂದಿಗೆ 2006ರಲ್ಲಿ 94 ಪರೀಕ್ಷೆಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರಿಯ ಸಂಕಲ್ಪಕ್ಕಿಂತ ಇವುಗಳ ಪರಿಣಾಮ ಗಣನೀಯವಾಗಿ ಹೆಚ್ಚಾಗಿತ್ತು. ಯಾವಾಗ, ಎಲ್ಲಿ ಎಂಬ ನಿರ್ಧಾರ ಮೊದಲೇ ಆಗಿರುವುದರಿಂದ, ದಣಿದ ಹೊತ್ತಿನಲ್ಲಿ ಮನಸ್ಸು ಹೊಸದಾಗಿ ಚೌಕಾಸಿಗೆ ಇಳಿಯುವುದಿಲ್ಲ. ಅಡ್ಡಿಗೂ ಇಂಥದೇ ವಾಕ್ಯವೊಂದನ್ನು ಬರೆದುಕೊಳ್ಳಬೇಕು: ‘ಮಂಗಳವಾರ ಕಚೇರಿಯಿಂದ ತಡವಾಗಿ ಬಂದರೆ ಬುಧವಾರ ಬೆಳಿಗ್ಗೆ ಅರ್ಧ ಗಂಟೆ ಕೂರುತ್ತೇನೆ.’

ಈ ಉಪಾಯ ಹಿಡಿಸಿತೆಂದು ಒಂಬತ್ತೂ ಗುರಿಗಳಿಗೆ ಇಂಥ ವಾಕ್ಯಗಳನ್ನು ಹೊಸೆಯಬೇಡಿ. ಏಮಿ ಡಾಲ್ಟನ್ ಮತ್ತು ಸ್ಟೀಫನ್ ಸ್ಪಿಲ್ಲರ್ 2012ರಲ್ಲಿ ತೋರಿಸಿದಂತೆ, ಒಂದು ಗುರಿಗೆ ಮಾಡಿದಾಗ ನೆರವಾಗುವ ಈ ವಿವರವಾದ ಯೋಜನೆ, ಹಲವು ಗುರಿಗಳಿಗೆ ಒಟ್ಟಿಗೆ ಮಾಡಿದಾಗ ಅಷ್ಟಾಗಿ ನೆರವಾಗುವುದಿಲ್ಲ. ಎಲ್ಲವನ್ನೂ ಮಾಡುವುದು ಎಷ್ಟು ಕಷ್ಟವೆಂಬುದು ಆಗ ಕಣ್ಣಿಗೆ ಹೊಡೆಯುತ್ತದೆ, ನಿಷ್ಠೆ ಸಡಿಲವಾಗುತ್ತದೆ.

ಮರುಪ್ರಶ್ನೆ (ಅದೇ ಸದಸ್ಯೆ):
ಧನ್ಯವಾದಗಳು ಮೇಡಂ. ಪ್ರಬಂಧದ ಜೊತೆಗೆ ವ್ಯಾಯಾಮವನ್ನು ಮಾತ್ರ ಉಳಿಸಿಕೊಳ್ಳಬೇಕೆಂದಿದ್ದೇನೆ. 21 ದಿನ ತಪ್ಪದೆ ಮಾಡಿದರೆ ಅದು ಅಭ್ಯಾಸವಾಗಿಬಿಡುತ್ತದೆ ಎನ್ನುತ್ತಾರಲ್ಲ, ಅದು ನಿಜವೇ?

ಉತ್ತರ:
ಅಷ್ಟು ಬೇಗ ಆಗುವುದು ಅಪರೂಪ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಿ, ಹೊಸ ನಡವಳಿಕೆಯೊಂದು ತಾನಾಗಿಯೇ ನಡೆಯುವ ಮಟ್ಟ ಮುಟ್ಟಲು ಹಿಡಿದ ಕಾಲದ ಮಧ್ಯಾಂಕ 66 ದಿನ, ವ್ಯಾಪ್ತಿ 18ರಿಂದ 254 ದಿನ. ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂತಹ ಧಕ್ಕೆಯಾಗಲಿಲ್ಲ ಎಂಬುದು ಅದೇ ಅಧ್ಯಯನದ ಮತ್ತೊಂದು ಅಂಶ, ಮತ್ತು ನನಗೆ ಅದೇ ಹೆಚ್ಚು ಉಪಯುಕ್ತವೆನಿಸುತ್ತದೆ. ಇಪ್ಪತ್ತೆರಡನೆಯ ದಿನವೂ ಬೇಸರವೆನಿಸಿದರೆ ನಿಮ್ಮಲ್ಲಿ ದೋಷ ಹುಡುಕಬೇಡಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ:
ಮೇಡಂ, ಗುರಿಗಳನ್ನು ಕೈಬಿಡಿ ಎಂದು ಹೇಳುವುದು ಸೋಲನ್ನು ಒಪ್ಪಿಕೊಂಡಂತೆ ಆಗುವುದಿಲ್ಲವೇ? ಹತ್ತು ವರ್ಷಗಳಿಂದ ಹೊತ್ತು ತಂದ ಕನಸನ್ನು ಇಳಿಸುವುದು ಸುಲಭವಲ್ಲ.

ಉತ್ತರ:
ಸುಲಭವಲ್ಲ ಎಂಬುದನ್ನು ಒಪ್ಪುತ್ತೇನೆ ಸರ್. ಮುಂದೂಡುವುದು ಬೇರೆ, ಬಿಡುವುದು ಬೇರೆ. ಮೇಲಿನ ಸದಸ್ಯೆಗೆ ಹೇಳಿದ್ದು ಮುಂದೂಡುವುದರ ಬಗ್ಗೆ. ಉಳಿದ ಏಳು ಗುರಿಗಳನ್ನು ಅವರು ಬೇರೆ ಹಾಳೆಯಲ್ಲಿ ಬರೆದಿಟ್ಟು, ಪ್ರಬಂಧ ಸಲ್ಲಿಸಿದ ಮೇಲೆ ತೆರೆಯಬಹುದು. ಆದರೆ ನಿಜವಾಗಿಯೂ ಕೈಗೆಟುಕದಂತಾದ ಗುರಿಯ ವಿಷಯದಲ್ಲಿ, ಕಾರ್ಸ್ಟನ್ ರಾಶ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನಗಳು ಹೇಳುವುದೇನೆಂದರೆ, ಅಂತಹ ಗುರಿಯನ್ನು ಬಿಟ್ಟು ಬೇರೊಂದು ಅರ್ಥಪೂರ್ಣ ಗುರಿಯ ಕಡೆಗೆ ತಿರುಗಬಲ್ಲವರ ಮನಸ್ಸು ಹೆಚ್ಚು ನೆಮ್ಮದಿಯಿಂದಿರುತ್ತದೆ. ನಿಮ್ಮ ಕನಸು ಎರಡರಲ್ಲಿ ಯಾವುದಕ್ಕೆ ಸೇರಿದ್ದೆಂದು ನಾನು ಇಲ್ಲಿಂದ ಹೇಳಲಾರೆ. ಕಳೆದ ಒಂದು ವರ್ಷದಲ್ಲಿ ಅದಕ್ಕಾಗಿ ಎಷ್ಟು ಗಂಟೆ ಕೊಟ್ಟಿದ್ದೀರಿ, ಮುಂದಿನ ಮೂರು ತಿಂಗಳಲ್ಲಿ ಯಾವ ದಿನ, ಯಾವ ಹೊತ್ತು ಕೊಡಬಲ್ಲಿರಿ ಎಂಬುದನ್ನು ಬರೆದು ಕಳುಹಿಸಿದರೆ ಮುಂದಿನ ವಾರ ಮತ್ತೆ ಮಾತನಾಡೋಣ.