ಜನ ಇಲ್ಲದ ದ್ವೀಪಕ್ಕ ‘ಬೇಚರಾಕ್’ ಅನ್ನಬಹುದಾ?

ಎಲ್ಲಾರಿಗೂ ನಮಸ್ಕಾರ್ರಿ. ನಾನು ಕೊಪ್ಪಳ ಕಡೆಯವ, ಹೈಸ್ಕೂಲ್ ಹುಡುಗ್ರು ಓದಾಕಂತ ಅಂಡಮಾನಿನ ಬ್ಯಾರನ್ ದ್ವೀಪದ ಬಗ್ಗೆ ಒಂದು ಲೇಖನ ಬರಿಯಾಕ ಹತ್ತೀನಿ, ಕೆಲವು ಶಬ್ದದ ಹತ್ರ ಬಂದು ನಿಂತೀನಿ, ತಿಳಿದವ್ರು ಹೇಳ್ರಿ.

ಮೊದ್ಲ ದ್ವೀಪದ ವಿಷಯ ಹೇಳಿಬಿಡ್ತೀನಿ, ಇಲ್ಲಾಂದ್ರ ಪ್ರಶ್ನೆ ಅರ್ಥ ಆಗಂಗಿಲ್ಲ. 2024ರ ತನಕ ಪೋರ್ಟ್ ಬ್ಲೇರ್ ಅಂತಿದ್ವಲ್ಲ, ಈಗಿನ ಶ್ರೀ ವಿಜಯಪುರಂ, ಅಲ್ಲಿಂದ ಈಶಾನ್ಯಕ್ಕ ಸುಮಾರು 138 ಕಿಲೋಮೀಟರ್ ಸಮುದ್ರದಾಗ ಹೋದ್ರ ಇದು ಸಿಗ್ತೈತಿ. ಇಡೀ ದ್ವೀಪದ ಅಗಲ 3 ಕಿಲೋಮೀಟರ್ ಆಸುಪಾಸು, ಅದ್ರಾಗ ಸುಮಾರು 2 ಕಿಲೋಮೀಟರಿನ ಒಂದು ಕುಳಿ, ಕುಳಿಯ ಗ್ವಾಡಿ ಪಶ್ಚಿಮಕ್ಕ ಒಡೆದು ಬಾಯಿ ಆಗೈತಿ, ನಡುವ ಒಂದು ಬೂದಿ ಗುಡ್ಡ ಐತಿ, ಅದು ಕಾರಿದ ಲಾವಾ ಆ ಬಾಯಿ ಹಾದು ಸಮುದ್ರಕ್ಕ ಹರಿತೈತಿ. ನಮ್ಮ ದೇಶದಾಗ ಜೀವಂತ ಇರೋ ಜ್ವಾಲಾಮುಖಿ ಇದೊಂದ. 1787ರಾಗ ಸಿಡಿದದ್ದು ಮೊದಲ ದಾಖಲೆ, 1832ರ ನಂತರ ಒಂದೂವರಿ ಶತಮಾನ ತಣ್ಣಗಿದ್ದು 1991ರಾಗ ಮತ್ತ ಎದ್ದೈತಿ, 2017ರಾಗ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವ್ರು ಹಡಗಿನ ಮ್ಯಾಲಿಂದ ಹಗಲು ಬೂದಿ, ರಾತ್ರಿ ಕೆಂಪು ಲಾವಾ ಚಿಮ್ಮೋದನ್ನ ನೋಡ್ಯಾರ.

ಇಂಗ್ಲಿಷಿನ ಬ್ಯಾರನ್ ಅಂದ್ರ ಬಂಜರು ಅಂತ ಈ ಹೆಸರನ್ನ ‘ಬಂಜರು ದ್ವೀಪ’ ಅಂತ ಮಾಡೋದು ನನಗ ಒಪ್ಪಿಗಿ ಇಲ್ಲ. ಬಂಜರು, ಬೀಳು, ಪಡಾ ಬಿದ್ದದ್ದು ಇವೆಲ್ಲಾ ಒಕ್ಕಲುತನದ ಮಾತು, ಹೊಲ ಅನ್ನೋದು ಒಂದಿದ್ದು ಅದನ್ನ ಯಾರೂ ಉಳದೇ ಬಿಟ್ರ ಹಂಗ ಅಂತೀವಿ. ಅಲ್ಲಿ ಉಳೋದರ ಮಾತ ಇಲ್ಲ, ಮ್ಯಾಲ ದ್ವೀಪದ ಹೊರಮೈಯಾಗ ಗಿಡಗಂಟಿ ಬೆಳದಾವು, ಬಾವಲಿ ಅದಾವು, ಇಲಿ ಅದಾವು. ಹೆಸರನ್ನ ಬ್ಯಾರನ್ ಅಂತ ಹಂಗ ಇಡೋದ ಚಲೋ.

ಇನ್ನ ಅಲ್ಲಿನ ಲಾವಾ. ಅದು ನುಣ್ಣಗ ಹಾಸಿದಂಗ ಇರಂಗಿಲ್ಲ, ಬಹಳ ಕಡೆ ಕಪ್ಪಗ, ತೂತುತೂತಾಗಿ, ಮುಟ್ಟಿದ್ರ ಕೈ ಕೊಯ್ಯುವಂಗ ಮುರುಕು ಮುರುಕು ಗುಂಡು ರಾಶಿ ಬಿದ್ದಿರ್ತೈತಿ. ಕಮ್ಮಾರರ ಕುಲುಮಿ ಕೆದರಿದಾಗ ಇದ್ದಲಿ ಬೂದಿ ಜೋಡಿ ಕಬ್ಬಿಣದ ಹೊಟ್ಟು ಕರಗಿ ಗಂಟು ಕಟ್ಟಿರ್ತೈತಲ್ಲ, ಕಿಟ್ಟ ಅಂತೀವಿ, ಥೇಟ್ ಹಂಗ. ತೋರಣಗಲ್ ಕಡೆ ಫ್ಯಾಕ್ಟರಿಗೆ ಹೋಗೋ ಹುಡುಗ್ರು ಈಗ ಸ್ಲ್ಯಾಗ್ ಅಂತಾರ, ಆದ್ರೂ ‘ಕಿಟ್ಟಗಲ್ಲು’ ಅಂದ್ರ ಓದೋರ ಕಣ್ಣಿಗೆ ಕಟ್ಟತೈತಿ ಅನಸ್ತೈತಿ. ಯಾರಾದ್ರೂ ಈ ಅರ್ಥದಾಗ ಬಳಸಿದ್ದು ಕೇಳೀರೇನು?

ಅಲ್ಲಿ ಆಡು ಅದಾವು. ಹಿಂದ 19ನೇ ಶತಮಾನದಾಗ ಹಡಗಿನವ್ರು ಬಿಟ್ಟು ಹೋದ ಆಡಿನ ಸಂತಾನ. ‘ಕಾಡಾಡು’ ಅಂದ್ರ ಮೂಲದಿಂದ ಕಾಡಿನ ಪ್ರಾಣಿ ಅಂತ ತಪ್ಪು ತಿಳೀತಾರ. ‘ಬಿಡಾಡಿ ಆಡು’ ಅನ್ನೋಣ ಅಂದ್ರ ಬಿಡಾಡಿ ದನ ಊರಾಗ ತಿರಗತಾವು, ಇವಕ್ಕ ಊರ ಇಲ್ಲ. ಆದ್ರೂ ಸಾಕಿದವ್ರು ಬಿಟ್ಟದ್ದು ಅನ್ನೋ ಅರ್ಥ ಅದ್ರಾಗ ಉಳೀತೈತಿ, ನಾನು ಅದನ್ನ ಇಟಗೊಂಡೀನಿ.

ಈಗ ಮುಖ್ಯ ಪ್ರಶ್ನೆ. ಪುಸ್ತಕದಾಗೆಲ್ಲಾ ‘ನಿರ್ಜನ ದ್ವೀಪ’ ಅಂತ ಬರೀತಾರ. ಮಧ್ಯಾಹ್ನ ಬಿಸಲಿಗೆ ಜನ ಒಳಗ ಹೋದ್ರ ರಸ್ತಾನೂ ನಿರ್ಜನ ಆಗತೈತಿ, ಸಂಜಿಕ ಮತ್ತ ತುಂಬತೈತಿ, ಹಂಗಾಗಿ ಆ ಶಬ್ದಕ್ಕ ವಸ್ತಿನ ಇಲ್ಲ ಅನ್ನೋ ಗಟ್ಟಿತನ ಇಲ್ಲ. ‘ಹಾಳು’ ಅಂದ್ರ ಒಂದು ಕಾಲಕ್ಕ ಜನ ಇದ್ರು ಅಂತ ಆತು. ನಮ್ಮ ಕಡೆ ಕಂದಾಯದ ಕಾಗದದಾಗ ‘ಬೇಚರಾಕ್ ಗ್ರಾಮ’ ಅಂತ ಬರ್ತೈತಿ, ನಿಜಾಮರ ಕಾಲದಿಂದ ರಾಯಚೂರು ಕೊಪ್ಪಳದಾಗ ಬಂದ ಮಾತು, ಪಾರ್ಸಿಯ ‘ಬೇ’ ಅಂದ್ರ ಇಲ್ಲದ್ದು, ‘ಚಿರಾಗ್’ ಅಂದ್ರ ದೀಪ, ದೀಪ ಹಚ್ಚೋರಿಲ್ಲದ ಊರು. ಸರ್ವೇ ನಂಬರ್ ಇರ್ತಾವು, ಹೊಲ ಇರ್ತಾವು, ಒಂದೊಂದು ಕಡೆ ಹಣಮಪ್ಪನ ಗುಡಿ ಸುದ್ದಾ ಇರ್ತೈತಿ, ಮನಿ ಮಾತ್ರ ಒಂದೂ ಇರಂಗಿಲ್ಲ. ಅಷ್ಟು ಖಚಿತ ಅರ್ಥದ ಶಬ್ದ ನಮ್ಮ ತಹಶೀಲ್ ಕಚೇರಿಗಳಾಗ ಇನ್ನೂ ಓಡಾಡತಿರುವಾಗ ಅದನ್ನ ಬಿಟ್ಟು ನಿರ್ಜನ ಅನ್ನಾಕ ನನಗ ಮನಸು ಬರವಲ್ದು.

ಆದ್ರ ಎರಡು ಸಂಶಯ. ಎಂದೂ ಊರು ಇರದ ಜಾಗಕ್ಕ ಬೇಚರಾಕ್ ಅಂದ್ರ ನಡೀತೈತಾ, ಇಲ್ಲಾ ಗ್ರಾಮ ಅನ್ನೋ ಹೆಸರು ಮೊದಲ ಇರಬೇಕಾ? ಮತ್ತ, ಬ್ಯಾರನ್ ಉತ್ತರಕ್ಕ ಇರೋ ನಾರ್ಕೊಂಡಮ್ ಸುದ್ದಾ ಜ್ವಾಲಾಮುಖಿ ದ್ವೀಪನ, ಅದು ಮಲಗೈತಿ, 710 ಮೀಟರ್ ಎತ್ತರ, ತುಂಬಾ ದಟ್ಟ ಕಾಡು, ಭೂಮಿ ಮ್ಯಾಲ ಬ್ಯಾರೆ ಎಲ್ಲೂ ಇಲ್ಲದ ಒಂದು ಜಾತಿ ಮಂಗಟ್ಟೆ ಹಕ್ಕಿ ಅಲ್ಲಷ್ಟ ಐತಿ. ಅಲ್ಲಿ ಊರಿಲ್ಲ, ಆದ್ರ ಪೊಲೀಸ್ ಹೊರಠಾಣೆ ಐತಿ, ಪಾಳಿ ಮ್ಯಾಲ ಸಿಬ್ಬಂದಿ ಇರ್ತಾರ, ದೀಪಾನೂ ಹಚ್ತಾರ. ಅದನ್ನ ಬೇಚರಾಕ್ ಅನ್ನಬೇಕೋ ಬ್ಯಾಡೋ? ನನ್ನ ಲೆಕ್ಕದಾಗ ಸಂಸಾರ ಹೂಡಿದ ಮನಿ ಇಲ್ಲ ಅಂದ್ರ ಅನ್ನಬಹುದು.

ಬಳ್ಳಾರಿ ಕಡೆಯವ್ರಿಗೆ ಒಂದು ವಿನಂತಿ, ನಿಮ್ಮದು ಮದ್ರಾಸ್ ಸರ್ಕಾರದ ಕೆಳಗ ಇತ್ತು, ಹಳೇ ಕಾಗದದಾಗ ಇಂಥ ಊರಿಗೆ ಏನಂತ ಬರೀತಿದ್ರು, ಸಿಕ್ರ ಆ ಶಬ್ದ ಬರದು ತಿಳಸ್ರಿ.